ಕಾಲು ಮರಗಟ್ಟಿರುವಾಗಲೇ ಮಾತ್ರೆ ನುಂಗಿ

ಮಂಡಿ ಬದಲಿ ಶಸ್ತ್ರಚಿಕಿತ್ಸೆಗೆ ನರ್ವ್ ಬ್ಲಾಕ್, ಅಂದರೆ ನರದ ಸುತ್ತ ಔಷಧಿ ಚುಚ್ಚಿ ಆ ಭಾಗವನ್ನು ಮರಗಟ್ಟಿಸುವ ಸೂಜಿ, ಹಾಕಿಸಿಕೊಂಡರೆ ನೋವಿನ ಮಾತ್ರೆಗಳ ಕಾಟ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಬಲ ಮಂಡಿಯ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನಾನೂ ಅರಿವಳಿಕೆ ವೈದ್ಯರನ್ನು ಇದನ್ನೇ ಕೇಳಿದ್ದೆ. ಅವರು ಸಮಾಧಾನದಿಂದ ವಿವರಿಸಿದರು. ನಾನು ಮಾತ್ರ ಅರ್ಧ ಕೇಳಿಸಿಕೊಂಡೆ.

ಬೆಳಿಗ್ಗೆ ಶಸ್ತ್ರಚಿಕಿತ್ಸೆ ಆಯಿತು. ಬೆನ್ನಿಗೆ ಅರಿವಳಿಕೆ, ಜೊತೆಗೆ ಅಲ್ಟ್ರಾಸೌಂಡ್ ಪರದೆ ನೋಡಿಕೊಂಡು ತೊಡೆಯ ಒಳಭಾಗಕ್ಕೊಂದು ಸೂಜಿ. ಅದಕ್ಕೆ ಅಡಕ್ಟರ್ ಕೆನಾಲ್ ಬ್ಲಾಕ್ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಬೆನ್ನಿನ ಅರಿವಳಿಕೆ ಇಳಿದು ಪಾದ ಆಡಿಸಲು ಬಂತು. ಮಂಡಿಯ ಮುಂಭಾಗದಲ್ಲಿ ಮಾತ್ರ ಏನೂ ಇಲ್ಲ. ಬ್ಯಾಂಡೇಜಿನ ಮೇಲಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿದೆ, ಬೇರೆ ಯಾರದೋ ಕಾಲನ್ನು ಮುಟ್ಟಿದಂತಿತ್ತು. ಎಂಟು ಗಂಟೆಗೆ ನರ್ಸ್ ಮಾತ್ರೆ ತಂದರು. ನೋವೇ ಇಲ್ಲವಲ್ಲ, ಸುಮ್ಮನೆ ಹೊಟ್ಟೆ ಕೆಡಿಸಿಕೊಳ್ಳುವುದೇಕೆ ಎಂದು ಬೇಡವೆಂದೆ. ಮಲಗುವ ಮುಂಚೆ ಮತ್ತೊಮ್ಮೆ ಬಂದು ಕೇಳಿದರು. ಆಗಲೂ ಬೇಡವೆಂದೆ.

ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತು. ಮೊದಲು ಮಂಡಿಯ ಸುತ್ತ ಬಿಸಿಯಾದಂತೆ ಅನಿಸಿತು. ಅರ್ಧ ಗಂಟೆಯೊಳಗೆ, ಹೊದ್ದಿದ್ದ ಹೊದಿಕೆ ಕಾಲಿಗೆ ತಾಗಿದರೂ ಸಹಿಸಲಾಗದೆ ಕೂಗಿದೆ. ನುಂಗಿದ ಮಾತ್ರೆ ಕೆಲಸ ಶುರುಮಾಡುವಷ್ಟರಲ್ಲಿ ನೋವು ಅದನ್ನು ಮೀರಿ ಬೆಳೆದಿತ್ತು. ಕೊನೆಗೆ ಪ್ರಬಲವಾದ ಚುಚ್ಚುಮದ್ದನ್ನೇ ಕೊಡಬೇಕಾಯಿತು. ಅದರಿಂದ ವಾಂತಿ, ತಲೆಸುತ್ತು. ಬೆಳಿಗ್ಗೆ ಫಿಸಿಯೋಥೆರಪಿಯವರು ಬಂದಾಗ ಮಂಚದ ಅಂಚಿನಲ್ಲಿ ಕೂರಲೂ ಆಗಲಿಲ್ಲ. ಮಂಡಿ ಮಡಿಸುವ ವ್ಯಾಯಾಮದ ಮೊದಲ ಎರಡು ದಿನಗಳನ್ನು ನಾನು ಹಾಗೆ ಕಳೆದುಕೊಂಡೆ.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಲೇಬೇಕು. ನೋವಿಲ್ಲ ಎಂದರೆ ನೋವಿಗೆ ಕಾರಣವೂ ಇಲ್ಲ ಎಂದುಕೊಂಡೆ. ಬ್ಲಾಕ್ ಗಾಯವನ್ನು ವಾಸಿಮಾಡುವುದಿಲ್ಲ. ರೋಪಿವಕೇನ್, ಬ್ಯುಪಿವಕೇನ್‌ನಂಥ ಔಷಧಿ ನರದ ಸುತ್ತ ನಿಂತು ಅದರೊಳಗಿನ ಸಂಕೇತ ಮುಂದೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಕತ್ತರಿಸಿದ ಮೂಳೆ, ಹೊಲಿದ ಅಂಗಾಂಶ, ಏರುತ್ತಿರುವ ಊತ ಎಲ್ಲವೂ ಅದರ ಕೆಳಗೆ ಇದ್ದೇ ಇರುತ್ತವೆ. ಒಂದೇ ಸಲ ಚುಚ್ಚುವ ಬ್ಲಾಕ್ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಇಳಿದುಹೋಗುತ್ತದೆ, ಆದರೆ ಗಾಯದ ನೋವು ಜೋರಾಗಿರುವುದು ಮೊದಲ ಎರಡು ಮೂರು ದಿನ. ಲೆಕ್ಕ ಅಲ್ಲೇ ತಪ್ಪುತ್ತದೆ. ಮಾತ್ರೆಗಳು ಮೊದಲೇ ರಕ್ತದಲ್ಲಿ ಇರದಿದ್ದರೆ, ಬ್ಲಾಕ್ ಇಳಿದ ಗಳಿಗೆಯಲ್ಲಿ ಇಡೀ ನೋವು ಒಮ್ಮೆಲೇ ಎರಗುತ್ತದೆ. ವೈದ್ಯರು ಇದನ್ನು ರಿಬೌಂಡ್ ಪೇನ್ ಎಂದು ಕರೆಯುತ್ತಾರೆ. ಅಂದು ಸಂಜೆಯೇ ಮಂಡಿಯ ಹಿಂಬದಿಯಲ್ಲಿ ಸಣ್ಣಗೆ ಸೆಳೆತವಿತ್ತು. ಅಡಕ್ಟರ್ ಕೆನಾಲ್ ಬ್ಲಾಕ್ ಹಿಂಬದಿಯನ್ನು ಸರಿಯಾಗಿ ಮುಟ್ಟುವುದಿಲ್ಲ. ಒಳಗೆ ಏನಾಗುತ್ತಿದೆ ಎಂದು ಕಾಲು ಆಗಲೇ ಹೇಳುತ್ತಿತ್ತು, ನಾನು ಲಕ್ಷ್ಯ ಕೊಡಲಿಲ್ಲ.

ಆದ್ದರಿಂದ ಬ್ಲಾಕೋ ಮಾತ್ರೆಯೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಎರಡೂ ಬೇಕು. ಒಂದೂವರೆ ವರ್ಷದ ನಂತರ ಎಡ ಮಂಡಿಯ ಸರದಿ ಬಂದಾಗ, ಬ್ಲಾಕ್ ಎಷ್ಟು ಹೊತ್ತಿಗೆ ಇಳಿಯಬಹುದು, ಮಂಡಿಯ ಹಿಂಬದಿಗೆ ಏನು ಮಾಡುತ್ತೀರಿ ಎಂದು ಮೊದಲೇ ಕೇಳಿದೆ. ಈ ಸಲ ಹಿಂಬದಿಗೆ ಐಪ್ಯಾಕ್ ಎಂಬ ಇನ್ನೊಂದು ಚುಚ್ಚುಮದ್ದು ಕೊಟ್ಟರು. ಪ್ಯಾರಾಸಿಟಮಾಲ್ ಮತ್ತು ಉರಿಯೂತ ಇಳಿಸುವ ಮಾತ್ರೆಯನ್ನು ನೋವಿರಲಿ, ಇಲ್ಲದಿರಲಿ, ಗಡಿಯಾರ ನೋಡಿ ನುಂಗಿದೆ. ಮಂಡಿಗೆ ಐಸ್ ಇಟ್ಟುಕೊಂಡೆ. ಬೆಳಗಿನ ಜಾವ ಎಚ್ಚರವಾಯಿತು. ನೋವಿತ್ತು, ಆದರೆ ಹಲ್ಲು ಕಚ್ಚಬೇಕಾಗಲಿಲ್ಲ. ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಮಾಡಿದೆ.

ಮಾತ್ರೆ ಅಭ್ಯಾಸವಾಗಿಬಿಡುತ್ತದೆ ಎಂದು ಹೆದರುತ್ತಿದ್ದೀರಾದರೆ, ಆ ಭಯ ಓಪಿಯಾಯ್ಡ್ ಔಷಧಿಗಳಿಗೆ, ಅಂದರೆ ಮಾರ್ಫಿನ್‌ನಂಥ ಪ್ರಬಲ ನೋವುನಿವಾರಕಗಳಿಗೆ ಸಲ್ಲುವುದು, ಪ್ಯಾರಾಸಿಟಮಾಲ್‌ಗೆ ಅಲ್ಲ. ಉಳಿದ ಔಷಧಿಗಳನ್ನು ಸರಿಯಾಗಿ ತೆಗೆದುಕೊಂಡಷ್ಟೂ ಓಪಿಯಾಯ್ಡ್ ಕಡಿಮೆ ಸಾಕಾಗುತ್ತದೆ. ಮೂತ್ರಪಿಂಡದ ತೊಂದರೆ ಅಥವಾ ಹೊಟ್ಟೆಯ ಹುಣ್ಣು ಇದ್ದರೆ ಉರಿಯೂತದ ಮಾತ್ರೆ ನಿಮಗೆ ಆಗದಿರಬಹುದು. ರಕ್ತ ತೆಳುಮಾಡುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಅರಿವಳಿಕೆ ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ.

ಇನ್ನೊಂದು ಮಾತು. ನೋವಿಲ್ಲವೆಂದು ಒಬ್ಬರೇ ಎದ್ದು ಶೌಚಾಲಯಕ್ಕೆ ಹೊರಡಬೇಡಿ. ತೊಡೆಸಂದಿಯ ಬಳಿ ಕೊಡುವ ಫೆಮೊರಲ್ ಬ್ಲಾಕ್ ತೊಡೆಯ ಸ್ನಾಯುವನ್ನೇ ದುರ್ಬಲಗೊಳಿಸುವುದರಿಂದ ನಿಂತ ಕಾಲು ತಟಕ್ಕನೆ ಮಡಿಚಿಕೊಳ್ಳಬಹುದು. ಅಡಕ್ಟರ್ ಕೆನಾಲ್‌ನಲ್ಲಿ ಆ ಅಪಾಯ ಕಡಿಮೆ, ಆದರೂ ವಾಕರ್ ಮತ್ತು ಪಕ್ಕದಲ್ಲೊಬ್ಬರು ಇರಲೇಬೇಕು. ಬ್ಲಾಕ್ ಇಳಿದ ಮೇಲೂ ಪಾದವನ್ನು ಮೇಲಕ್ಕೆ ಎತ್ತಲು ಆಗದಿದ್ದರೆ ಕೂಡಲೇ ತಿಳಿಸಿ.

ಬ್ಲಾಕನ್ನು ಖಂಡಿತ ಹಾಕಿಸಿಕೊಳ್ಳಿ. ಸೂಜಿ ಚುಚ್ಚಿದ ಹೊತ್ತನ್ನು ಜೊತೆಗಿರುವವರು ಬರೆದಿಟ್ಟುಕೊಳ್ಳಲಿ. ಅಲ್ಲಿಂದ ಗಂಟೆ ಎಣಿಸಿದಾಗ ಅದು ಇಳಿಯುವುದು ನಡುರಾತ್ರಿಯಾದರೆ, ಆ ರಾತ್ರಿಯ ಮಾತ್ರೆಗೆ ನಿಮ್ಮನ್ನು ಎಬ್ಬಿಸುವವರು ಯಾರು ಎಂದು ದೀಪ ಆರಿಸುವ ಮುಂಚೆಯೇ ನರ್ಸ್ ಬಳಿ ಕೇಳಿ ಖಚಿತಪಡಿಸಿಕೊಳ್ಳಿ.