ಈಜಿಪ್ಟಿನ ಪ್ರತಿಮೆಗಳ ಮೂಗು ಮುರಿದಿರುವುದೇಕೆ?

ಪ್ರಶ್ನೆ: ಈಜಿಪ್ಟಿನ ಹಳೆಯ ಪ್ರತಿಮೆಗಳ ಫೋಟೊ ನೋಡಿದಾಗಲೆಲ್ಲ ಮೂಗು ಮುರಿದೇ ಇರುತ್ತದೆ. ಸುಮ್ನೆ ಬಿದ್ದು ಒಡೆದದ್ದಾ, ಇಲ್ಲ ಯಾರಾದರೂ ಬೇಕಂತಲೇ ಒಡೆದರಾ?

ಉತ್ತರ: ಎರಡೂ ಉಂಟು. ಪ್ರತಿಮೆ ಮುಂದಕ್ಕೆ ಬಿದ್ದರೆ ಮೊದಲ ಪೆಟ್ಟು ಮೂಗಿಗೇ. ಆದರೆ ಗೋಡೆಯ ಮೇಲಿನ ಉಬ್ಬುಶಿಲ್ಪಗಳನ್ನು ನೋಡಿ. ಅಲ್ಲಿ ಮೂಗು ಹೊರಗೆ ಚಾಚಿರುವುದಿಲ್ಲ. ಆದರೂ ಎಷ್ಟೋ ಕಡೆ ಮೂಗಿನ ಜಾಗದಲ್ಲಷ್ಟೇ ಉಳಿಯ ಏಟಿದೆ, ಸುತ್ತಲಿನ ಕೆತ್ತನೆ ಹಾಗೇ ಇದೆ. ಇದು ಆಕಸ್ಮಿಕ ಆಗಿರಲಾರದು, ಅಲ್ವಾ?

ಈಜಿಪ್ಟಿನವರಿಗೆ ಪ್ರತಿಮೆ ಎಂದರೆ ಸತ್ತವನ ‘ಕಾ’, ಅಂದರೆ ಜೀವಶಕ್ತಿ, ಬಂದು ನೆಲೆಸುವ ದೇಹ. ಕೆತ್ತಿ ಮುಗಿದ ಮೇಲೆ ‘ಬಾಯಿ ತೆರೆಸುವ’ ವಿಧಿ ನಡೆಯುತ್ತಿತ್ತು. ಪೂಜಾರಿ ಬಾಚಿಯಂಥ ಉಪಕರಣವನ್ನು ಅದರ ಬಾಯಿಗೆ ಮುಟ್ಟಿಸುತ್ತಿದ್ದ. ಆಮೇಲೆ ಅದು ಉಸಿರಾಡುತ್ತದೆ, ಉಣ್ಣುತ್ತದೆ, ನೋಡುತ್ತದೆ ಎಂದು ನಂಬಿಕೆ. ನಮ್ಮ ಪ್ರಾಣಪ್ರತಿಷ್ಠೆ ನಿಮಗೆ ನೆನಪಾಗಬಹುದು. ಆದರೆ ಅಲ್ಲಿ ದೇವರ ವಿಗ್ರಹಕ್ಕಷ್ಟೇ ಅಲ್ಲ, ಸತ್ತವರ ಪ್ರತಿಮೆಗೂ ಮಮ್ಮಿಗೂ ಇದನ್ನು ಮಾಡುತ್ತಿದ್ದರು.

ನನಗೆ ತುಂಬ ಇಷ್ಟವಾದ ಉದಾಹರಣೆ ಸಕ್ಕಾರಾದಲ್ಲಿದೆ. ರಾಜ ಜೋಸರ್‌ನ ಮೆಟ್ಟಿಲು ಪಿರಮಿಡ್‌ನ ಉತ್ತರಕ್ಕೆ ಒಂದು ಪುಟ್ಟ ಕಲ್ಲಿನ ಕೋಣೆ. ಸುಮಾರು 4,600 ವರ್ಷ ಹಳೆಯದು. ಸುತ್ತ ಮುಚ್ಚಿದ ಗೋಡೆ. ಮುಂದಿನ ಗೋಡೆಯಲ್ಲಿ ಮಾತ್ರ ಎರಡು ದುಂಡನೆಯ ತೂತು, ಒಳಗೆ ಕೂತ ರಾಜನ ಪ್ರತಿಮೆಯ ಕಣ್ಣಿನ ಮಟ್ಟಕ್ಕೆ. ಅವನು ಹೊರಗೆ ನೋಡಲಿ, ಧೂಪದ ಹೊಗೆ ಒಳಗೆ ಅವನಿಗೆ ತಲುಪಲಿ ಅಂತ. ಜನ ಬಂದು ನೋಡುವ ಮಾತೇ ಇರಲಿಲ್ಲ! ಮೂಲ ಪ್ರತಿಮೆ ಈಗ ಕೈರೋದಲ್ಲಿದೆ. ಅದಕ್ಕೆ ಕೂರಿಸಿದ್ದ ಕಣ್ಣುಗಳನ್ನು ಯಾರೋ ಕಿತ್ತಿದ್ದಾರೆ.

ಹೀಗೆ ಜೀವವಿದೆ ಎಂದ ಮೇಲೆ ಅದನ್ನು ತೆಗೆಯಲೂ ದಾರಿ ಬೇಕಲ್ಲ. ಮೂಗು ಒಡೆದರೆ ಉಸಿರು ನಿಂತಿತು. ಕಿವಿ ಒಡೆದರೆ ಮೊರೆ ಕೇಳಿಸದು. ಗೋರಿ ಕಳ್ಳರಿಗೆ ಸತ್ತವನ ಸೇಡಿನ ಭಯವಿತ್ತು. ಮುಂದೆ ಕ್ರೈಸ್ತರು ಹಳೆಯ ದೇವರುಗಳ ಶಕ್ತಿ ಮುರಿಯಲು ಒಡೆದರು. ಆದರೆ ಒಡೆದದ್ದೆಲ್ಲ ದ್ವೇಷದಿಂದ ಎನ್ನಬೇಡಿ. ರಾಣಿ ಹಟ್ಷೆಪ್ಸುಟ್‌ಳ ಎಷ್ಟೋ ಪ್ರತಿಮೆಗಳು ಅವಳ ದೇವಾಲಯವಿರುವ ದೇರ್ ಎಲ್-ಬಹ್ರಿಯಲ್ಲಿ ಕುತ್ತಿಗೆ, ಸೊಂಟ, ಮೊಣಕಾಲಲ್ಲಿ ತುಂಡಾಗಿ ಸಿಕ್ಕಿವೆ. ಹಲವುಗಳ ಮುಖ ಮಾತ್ರ ಚೆನ್ನಾಗಿದೆ. ಬೇಡವಾದ ಪ್ರತಿಮೆಯ ಶಕ್ತಿ ಇಳಿಸುವ ಕ್ರಮವೇ ಹಾಗಿತ್ತು ಎಂಬ ವಾದ ನನಗೆ ಸರಿ ಅನಿಸುತ್ತದೆ.

ಅಂದ ಹಾಗೆ, ಸಿಂಹದ ಮೈ, ಮನುಷ್ಯನ ಮುಖದ ದೊಡ್ಡ ಸ್ಫಿಂಕ್ಸ್‌ನ ಮೂಗು ಹಾರಿಸಿದ್ದು ನೆಪೋಲಿಯನ್ ಎಂದು ಜನ ಹೇಳುವುದುಂಟು. ಅದು ನಿಜವಲ್ಲ. ಅವನು ಈಜಿಪ್ಟಿಗೆ ಬಂದದ್ದು 1798ರಲ್ಲಿ. ನಾರ್ಡೆನ್ ಎಂಬ ಡೇನಿಷ್ ಪ್ರವಾಸಿ 1737ರಲ್ಲಿ ಬರೆದ ಚಿತ್ರದಲ್ಲೇ ಮೂಗಿಲ್ಲ.