ಮುಖ್ಯ ದಾನಿಯ ಅನುದಾನ ಅರ್ಧಕ್ಕಿಳಿಯುವಂತಿದೆ. ಈಗ ಹೊಸ ಕಾರ್ಯಕ್ರಮ ಶುರು ಮಾಡಬಹುದೇ?

ನಿಮ್ಮ ಸ್ವಯಂಸೇವಾ ಸಂಸ್ಥೆಯ ಆದಾಯದ ಮುಕ್ಕಾಲು ಪಾಲು ಒಂದೇ ದಾನಿ ಸಂಸ್ಥೆಯಿಂದ ಬರುತ್ತಿದೆ, ಮುಂದಿನ ವರ್ಷ ಅದು ಅರ್ಧವಾಗಬಹುದು, ಆಡಳಿತ ಮಂಡಳಿಯವರು ಹೊಸ ದಾನಿಗಳನ್ನು ಸೆಳೆಯಲು ಹೊಸ ಕಾರ್ಯಕ್ರಮ ಆರಂಭಿಸೋಣ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಹೊಸದರ ಮಾತು ಆಮೇಲೆ. ಸ್ವಂತ ಹಣದಲ್ಲಿ ಸಂಸ್ಥೆ ಎಷ್ಟು ತಿಂಗಳು ನಡೆದೀತು ಎಂಬುದು ಗೊತ್ತಾಗುವವರೆಗೆ ಬೇರೆ ಯಾವ ತೀರ್ಮಾನವೂ ಬೇಡ.

ಬ್ಯಾಂಕಿನಲ್ಲಿರುವ ಹಣವೆಲ್ಲ ನಿಮ್ಮದಲ್ಲ. ಖಾತೆಯಲ್ಲಿ 100 ಇದೆ ಎಂದುಕೊಳ್ಳಿ. ಅದರಲ್ಲಿ 65 ಇಂಥದ್ದೇ ಕೆಲಸಕ್ಕೆ ಎಂದು ದಾನಿಗಳು ಕೊಟ್ಟಿದ್ದು, ಇನ್ನೂ ಖರ್ಚಾಗಿಲ್ಲ. 8 ಪಾವತಿಸಬೇಕಾದ ಬಿಲ್ಲು, ತೆರಿಗೆ, ಸಂಬಳದ ಬಾಕಿ. ಉಳಿದ 27 ಮಾತ್ರ ನಿಮ್ಮದು. ಯಾವ ಯೋಜನೆಯ ಲೆಕ್ಕಕ್ಕೂ ಹಾಕಲಾಗದ ಬಾಡಿಗೆ, ಆಡಿಟ್, ಕಚೇರಿ ಸಿಬ್ಬಂದಿಯ ಸಂಬಳ ತಿಂಗಳಿಗೆ 9 ಆದರೆ ನಿಮ್ಮ ಕೈಲಿರುವುದು 3 ತಿಂಗಳು. ಸಂಸ್ಥೆಗಳು ಮುಗ್ಗರಿಸುವುದು ಇಲ್ಲೇ. ಮುಂದಿನ ಕಂತು ಬಂದಾಗ ತುಂಬಿಸೋಣ ಎಂದು ಯೋಜನೆಯ ಹಣದಿಂದ ಸಂಬಳ ಕೊಡುತ್ತಾರೆ. ಕಂತು ತಡವಾಗುತ್ತದೆ. ಆಗ ಯೋಜನೆಯೂ ನಿಲ್ಲುತ್ತದೆ, ದಾನಿಯ ನಂಬಿಕೆಯೂ ಹೋಗುತ್ತದೆ.

ಆಮೇಲೆ ಮುಂದಿನ 13 ವಾರಗಳಿಗೆ ವಾರವಾರದ ನಗದು ಪಟ್ಟಿ ಮಾಡಿ, ಅಂದರೆ ಯಾವ ವಾರ ಎಷ್ಟು ಹಣ ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಬರೆಯಿರಿ. ಬರಬೇಕಾದ ಹಣವನ್ನು ಸಹಿಯಾದದ್ದು, ಬಾಯಿಮಾತಿನದ್ದು, ಬರೀ ನಿರೀಕ್ಷೆಯದ್ದು ಎಂದು ಬೇರ್ಪಡಿಸಿ, ಸಹಿಯಾದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಅದನ್ನೂ ಪತ್ರದಲ್ಲಿರುವ ದಿನಾಂಕಕ್ಕಲ್ಲ, ಕಳೆದ ಕಂತುಗಳು ಎಷ್ಟು ತಡವಾಗಿದ್ದವೋ ಅಷ್ಟು ಮುಂದಕ್ಕೆ ಬರೆಯಿರಿ. ಪ್ರತಿ ಸೋಮವಾರ ಒಬ್ಬರು ಕೂತು ಇದನ್ನು ತಿದ್ದಬೇಕು, ಖಜಾಂಚಿ ನೋಡಬೇಕು.

ಪಟ್ಟಿ ಕೈಗೆ ಬಂದ ಮೇಲೆ ಆಡಳಿತ ಮಂಡಳಿಯ ಸಭೆಯಲ್ಲಿ ಮಿತಿಗಳನ್ನು ಈಗಲೇ ಗೊತ್ತು ಮಾಡಿ ನಡಾವಳಿಯಲ್ಲಿ ಬರೆಸಿ. ಸ್ವಂತ ಹಣ 4 ತಿಂಗಳಿಗಿಂತ ಕೆಳಗಿಳಿದರೆ ಹೊಸ ನೇಮಕಾತಿ ಇಲ್ಲ, 3ಕ್ಕಿಳಿದರೆ ಒಂದು ಕಾರ್ಯಕ್ರಮ ಮುಚ್ಚುವುದು, 2ಕ್ಕಿಳಿದರೆ ಮತ್ತೊಂದು ಸಂಸ್ಥೆಯೊಂದಿಗೆ ವಿಲೀನದ ಮಾತುಕತೆ. ಸಂಖ್ಯೆಗಳು ನಿಮಗೆ ತಕ್ಕಂತೆ ಬದಲಾಗಲಿ, ಆದರೆ ಗಾಬರಿಯಾಗುವ ಮೊದಲೇ ಗೊತ್ತಾಗಿರಲಿ. ಕಡಿತ ಮಾಡಲೇಬೇಕಾದರೆ ಸಾಕಾಗುವಷ್ಟನ್ನು ಒಂದೇ ಸಲ ಮಾಡಿ. ಮೂರು ತಿಂಗಳಿಗೊಮ್ಮೆ ಚೂರು ಚೂರು ಕತ್ತರಿಸುತ್ತ ಹೋದರೆ ಬೇರೆಡೆ ಕೆಲಸ ಸಿಗುವ ಒಳ್ಳೆಯವರು ಮೊದಲು ಬಿಟ್ಟು ಹೋಗುತ್ತಾರೆ.

ಯಾವುದನ್ನು ಮುಚ್ಚುವುದು? ಪ್ರತಿ ಕಾರ್ಯಕ್ರಮದ ಪೂರ್ತಿ ಖರ್ಚು ಬರೆಯದೆ ಇದಕ್ಕೆ ಉತ್ತರ ಸಿಗದು. ನೇರ ಖರ್ಚು 80, ಅನುದಾನವೂ 80 ಎಂದರೆ ಸರಿದೂಗಿದಂತೆ ಕಾಣುತ್ತದೆ. ಬಾಡಿಗೆ, ಲೆಕ್ಕಪತ್ರ, ಮೇಲ್ವಿಚಾರಣೆಯಲ್ಲಿ ಅದರ ಪಾಲು 20 ಇದ್ದರೆ ಆ 20 ನಿಮ್ಮ ಸ್ವಂತ ಹಣದಿಂದ ಹೋಗುತ್ತಿದೆ. ಇಂಥ ಅನುದಾನ ಹೆಚ್ಚಿದಷ್ಟೂ ಸಂಸ್ಥೆ ಬಡವಾಗುತ್ತದೆ. ಹಣವನ್ನೂ ತಿನ್ನುವ, ಜನರಿಗೂ ಅಷ್ಟಾಗಿ ಉಪಯೋಗಕ್ಕೆ ಬಾರದ ಕಾರ್ಯಕ್ರಮವನ್ನು ಮೊದಲು ನಿಲ್ಲಿಸಿ. ತುಂಬ ಉಪಯುಕ್ತವಾಗಿದ್ದೂ ನಷ್ಟದಲ್ಲಿರುವುದನ್ನು ಉಳಿಸಿಕೊಳ್ಳಲು ನಿಜಕ್ಕೂ ಹೋರಾಡಬೇಕು, ಅದಕ್ಕಾಗಿಯೇ ಸಂಸ್ಥೆ ಇರುವುದು.

ಈ ಲೆಕ್ಕಗಳೊಂದಿಗೆ ಮುಖ್ಯ ದಾನಿಯನ್ನು ಅವರ ಪತ್ರ ಬರುವ ಮೊದಲೇ ಭೇಟಿಯಾಗಿ. ಮೊತ್ತ ಹೆಚ್ಚಿಸಲಾಗದವರೂ ಕೆಲವೊಮ್ಮೆ ನಿಯಮ ಸಡಿಲಿಸಬಲ್ಲರು: ಉಳಿದ ಹಣವನ್ನು ಸಾಮಾನ್ಯ ಖರ್ಚಿಗೆ ಬಳಸಲು ಅನುಮತಿ, ಮುಂದಿನ ಕಂತು ಬೇಗ, ಇಳಿಕೆ ಒಂದೇ ವರ್ಷದಲ್ಲಿ ಬೇಡ, ಎರಡು ವರ್ಷಗಳಲ್ಲಿ ಆಗಲಿ ಎಂದು ಕೇಳಿ. ಒಪ್ಪಿಗೆ ಲಿಖಿತವಾಗಿ ಬೇಕೇ ಬೇಕು. ಜೊತೆಜೊತೆಗೆ ಹಿಂದೆ ಚಿಕ್ಕ ಮೊತ್ತ ಕೊಟ್ಟು ಈಗ ನಿಲ್ಲಿಸಿದವರಿಗೆ ಫೋನ್ ಮಾಡಿ, ತಿಂಗಳಿಗಿಷ್ಟು ಕೊಡಬಹುದೇ ಎಂದು ಕೇಳಿ. ಗುರುತಿಲ್ಲದವರನ್ನು ಹುಡುಕುವುದಕ್ಕಿಂತ ಇದಕ್ಕೆ ಖರ್ಚು ಕಡಿಮೆ.

ಇನ್ನು ಹೊಸ ಕಾರ್ಯಕ್ರಮ. ನಾನಾದರೆ ಮೂರು ಷರತ್ತು ಹಾಕುತ್ತೇನೆ: ಕಚೇರಿ ಖರ್ಚಿನ ಪಾಲೂ ಸೇರಿ ಪೂರ್ತಿ ವೆಚ್ಚವನ್ನು ದಾನಿಯೇ ಭರಿಸಬೇಕು, ಮೊದಲ ಕಂತು ಖಾತೆಗೆ ಬಿದ್ದ ಮೇಲೆಯೇ ನೇಮಕಾತಿ, ಅನುದಾನ ಮುಗಿದಾಗ ಹೇಗೆ ನಿಲ್ಲಿಸುವುದು ಎಂಬುದು ಮೊದಲೇ ಬರಹದಲ್ಲಿರಬೇಕು. ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ಲು ಕೊಟ್ಟು ಹಣ ಪಡೆಯಿರಿ ಎನ್ನುವ ಅನುದಾನವಾದರೆ, ಆ ನಡುವಿನ ಎರಡು ಮೂರು ತಿಂಗಳ ಖರ್ಚನ್ನು ನೀವೇ ಹಾಕಬೇಕಾಗುತ್ತದೆ. ನಿಮ್ಮಲ್ಲಿ ಇರುವುದೇ 3 ತಿಂಗಳಾದರೆ ಮಂಡಳಿಗೆ ಈ ವರ್ಷ ಬೇಡವೆಂದೇ ಹೇಳಿ.