ಗ್ರಿಲ್‌ಗೆ ಕರೆದಿದ್ದಾರೆ, ಏನು ತಗೊಂಡು ಹೋಗಲಿ?

ಜರ್ಮನಿಯ ನ್ಯೂರೆಂಬರ್ಗ್‌ಗೆ ಓದೋಕೆ ಬಂದಿದ್ದೀರಿ, ಬಿಸಿಲು ಬಂದಾಗಿಂದ ಕ್ಲಾಸಿನವರು ಗ್ರಿಲ್‌ಗೆ ಕರೀತಿದ್ದಾರೆ, ನೀವು ಮಾಂಸ ಮೊಟ್ಟೆ ಎರಡೂ ತಿನ್ನಲ್ಲ, ಚಿಪ್ಸ್ ತಿಂದು ವಾಪಸ್ ಬರ್ತಿದ್ದೀರಿ. ಅಂಗಡಿಯ ವೆಜ್ ಸಾಸೇಜ್ ನಂಬಬಹುದಾ, ಮನೇಲೇ ಮಾಡ್ಕೋಬಹುದಾ ಅಂತ ಕೇಳಿದ್ದೀರಿ.

ಮೊದಲು, ಹೋಗೋದನ್ನ ಬಿಡಬೇಡಿ. ಕ್ಲಾಸಲ್ಲಿ ಅಳೆದು ತೂಗಿ ಮಾತಾಡೋ ಜನ ಇಲ್ಲಿ ಕೆಂಡದ ಮುಂದೆ ನಿಂತಾಗಲೇ ಬಾಯಿ ಬಿಡೋದು. ಸುಡೋಕೆ ಬೇಕಾದ್ದನ್ನ ಅವರವರೇ ತರೋದು ಇಲ್ಲಿ ಮಾಮೂಲು, ನೀವು ಡಬ್ಬಿ ಹಿಡ್ಕೊಂಡು ಹೋದರೆ ಯಾರೂ ಏನೂ ಅಂದ್ಕೊಳ್ಳಲ್ಲ.

ಅಂಗಡಿ ವಿಷಯ. ಪ್ಯಾಕೆಟ್ ಮೇಲೆ ‘ವೆಗೆಟಾರಿಶ್’ (ವೆಜಿಟೇರಿಯನ್) ಅಂತಿದ್ದರೆ ನಮ್ಮೂರಿನ ಹಸಿರು ಚುಕ್ಕೆ ಅಂದ್ಕೋಬೇಡಿ. ಅಂಥ ಎಷ್ಟೋ ಸಾಸೇಜ್‌ಗಳನ್ನ ಹಿಡಿದಿಡೋದೇ ಕೋಳಿಮೊಟ್ಟೆಯ ಬಿಳಿಭಾಗ. ನೀವು ಹಾಲು ಮೊಸರು ತಿನ್ನೋರಾದರೂ ಹುಡುಕಬೇಕಾದ್ದು ‘ವೇಗಾನ್’, ಅಂದರೆ ಹಾಲು ಮೊಟ್ಟೆ ಏನೂ ಇಲ್ಲದ್ದು, ಅನ್ನೋ ಗುರುತನ್ನೇ. ಆದರೆ ರುಚಿಗೂ ದುಡ್ಡಿಗೂ ಮನೇದೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಇದಕ್ಕೆ ಆಧಾರ ಗೋಧಿಯ ಅಂಟು, ಗ್ಲುಟೆನ್. ಗೋಧಿ ಹಾಲಿನ ಹಲ್ವಾಕ್ಕೆ ಹಾಲು ಹಿಂಡ್ಕೊಂಡು ಅಂಟನ್ನ ಎಸೀತೀವಲ್ಲ, ಇಲ್ಲಿ ಅದರ ಉಲ್ಟಾ. ಹಿಟ್ಟು ತೊಳೆಯೋ ಕಷ್ಟ ಬೇಡ, ಬಯೋ (ಸಾವಯವ) ಅಂಗಡಿಯಲ್ಲಿ ಗೋಧಿ ಗ್ಲುಟೆನ್ ಪುಡಿಯಾಗೇ ಸಿಗುತ್ತೆ. 150 ಗ್ರಾಂ ಪುಡಿಗೆ ಎರಡು ಚಮಚ ಕಡಲೆಹಿಟ್ಟು. ಕಡಲೆಹಿಟ್ಟಿಲ್ಲದಿದ್ದರೆ ರಬ್ಬರ್ ಜಗಿದ ಹಾಗಾಗುತ್ತೆ. 100 ಗ್ರಾಂ ಹೊಗೆ ಹಾಕಿದ ತೋಫು (ಸೋಯಾ ಪನೀರ್), ಎಣ್ಣೆಯಲ್ಲಿ ಬಾಡಿಸಿದ ಸಣ್ಣ ಈರುಳ್ಳಿ, ಒಂದು ಚಮಚ ಸಾಸಿವೆ ಪೇಸ್ಟ್, ಒಂದು ಚಮಚ ವಿನೆಗರ್, ಎರಡು ದೊಡ್ಡ ಚಮಚ ಎಣ್ಣೆ, ಸುಮಾರು 150 ಎಂಎಲ್ ತಣ್ಣಗಿನ ತರಕಾರಿ ಬ್ರೋತ್, ಇಷ್ಟನ್ನ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಪುಡಿಗೆ ಸುರೀರಿ. ಬ್ರೋತ್‌ನಲ್ಲೇ ಉಪ್ಪಿರುತ್ತೆ, ನೋಡ್ಕೊಂಡು ಹಾಕಿ.

ಮಸಾಲೆ ಹಾಕುವಾಗ ಕೈ ಹಿಡೀರಿ. ಜೀರಿಗೆ, ಗರಂ ಮಸಾಲೆ ಬಿದ್ದರೆ ಅದು ಕಟ್ಲೆಟ್ ಆಗುತ್ತೆ. ಚೆನ್ನಾಗೇ ಇರುತ್ತೆ, ಆದರೆ ಬ್ರಾಟ್‌ವುರ್ಸ್ಟ್, ಅಂದರೆ ಇಲ್ಲಿನವರು ಸುಡೋ ಸಾಸೇಜ್, ಅಲ್ಲ. ನ್ಯೂರೆಂಬರ್ಗ್ ಸಾಸೇಜ್‌ನ ಜೀವ ಇರೋದು ಒಣ ಮಾರ್ಜೋರಮ್‌ನಲ್ಲಿ. ಅದು ಬೇರೇನಲ್ಲ, ಹೂವಿನ ಮಾಲೆಗೆ ಸೇರಿಸಿ ಕಟ್ಟೋ ನಮ್ಮ ಮರುಗವೇ. ಅದು ಎರಡು ಟೀ ಚಮಚ, ಅಂಗೈಯಲ್ಲಿ ಉಜ್ಜಿ ಹಾಕಿ. ಜೊತೆಗೆ ಬಿಳಿ ಮೆಣಸು ಅರ್ಧ ಚಮಚ, ಚಿಟಿಕೆ ಜಾಯಿಕಾಯಿ. ಸಾಕು.

ಚಪಾತಿ ಹಿಟ್ಟಿನ ಥರ ನಾದಬೇಡಿ, ನಾದಿದಷ್ಟೂ ಗಟ್ಟಿಯಾಗುತ್ತೆ. ಎಲ್ಲ ಕೂಡ್ಕೊಂಡರೆ ಮುಗೀತು. ಬೆರಳಿನ ದಪ್ಪಕ್ಕೆ ಉದ್ದುದ್ದ ಹೊಸೆದು, ಬೇಕಿಂಗ್ ಪೇಪರ್‌ನಲ್ಲಿ ಸುತ್ತಿ, ಮೇಲೆ ಫಾಯಿಲ್ ಸುತ್ತಿ, ಎರಡೂ ತುದಿ ಚಾಕಲೇಟ್ ಕಾಗದದ ಹಾಗೆ ತಿರುಚಿ. ಬಿಗಿ ಕಟ್ಟದಿದ್ದರೆ ಉಬ್ಬಿ ಸ್ಪಂಜಾಗುತ್ತೆ. ಊರಿಂದ ಇಡ್ಲಿ ಪಾತ್ರೆ ತಂದಿದ್ದರೆ ಅದರಲ್ಲೇ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಹಬೆ. ಆಮೇಲೆ ರಾತ್ರಿಯಿಡೀ ಫ್ರಿಜ್ಜು. ಈ ಹಂತ ಬಿಡಲೇಬೇಡಿ, ಬಿಸಿ ಇದ್ದಾಗ ಮೆತ್ತಗಿರೋದು ಬೆಳಗ್ಗೆ ಹೊತ್ತಿಗೆ ಬಿಗಿಯಾಗಿ ಚಾಕುವಿಗೆ ನೀಟಾಗಿ ಸಿಗುತ್ತೆ. ಎಂಟು ಸೆಂಟಿಮೀಟರಿಗೆ ಒಂದೊಂದು ಕತ್ತರಿಸಿ. ಅಸಲಿ ಹಂದಿಮಾಂಸದ ನ್ಯೂರೆಂಬರ್ಗ್ ಸಾಸೇಜೂ 7ರಿಂದ 9 ಸೆಂಟಿಮೀಟರ್ ಇರಬೇಕು, 2003ರಿಂದ ಯುರೋಪಿನಲ್ಲಿ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ.

ಇದರಲ್ಲಿ ಕೊಬ್ಬು ಕಡಿಮೆ, ಕೆಂಡದ ಮೇಲೆ ಬೇಗ ಒಣಗುತ್ತೆ. ಎಣ್ಣೆ ಸವರಿ, ಉರಿ ಕಡಿಮೆ ಇರೋ ಅಂಚಿನಲ್ಲಿಡಿ. ಕಂಬಿಗೆ ಮಾಂಸದ ಜಿಡ್ಡು ಅಂಟಿರುತ್ತಲ್ಲ, ಸೂಪರ್ ಮಾರ್ಕೆಟ್‌ನಲ್ಲಿ ಗ್ರಿಲ್ ಟ್ರೇ ಸಿಗುತ್ತೆ, ನಿಮ್ಮದನ್ನ ಅದರಲ್ಲಿಟ್ಟು ಇಕ್ಕಳ ಬೇರೆ ಇಟ್ಕೊಳ್ಳಿ. ಕೇಳೋಕೆ ಸಂಕೋಚ ಬೇಡ. ಬನ್ನೊಳಗೆ ಮೂರು ಇಟ್ಟು ಸಾಸಿವೆ ಹಚ್ಕೊಂಡು ತಿನ್ನೋದು ಈ ಊರಿನ ಪದ್ಧತಿ. ಪಕ್ಕದಲ್ಲಿರೋ ಸೌರ್‌ಕ್ರೌಟ್ (ಹುಳಿ ಬರಿಸಿದ ಎಲೆಕೋಸು), ಆಲೂಗಡ್ಡೆ ಸಲಾಡ್ ನೋಡೋಕೆ ಸಾಧು, ಆದರೆ ಒಂದಕ್ಕೆ ಹಂದಿ ಕೊಬ್ಬು, ಇನ್ನೊಂದಕ್ಕೆ ದನದ ಮಾಂಸದ ಸಾರು ಹಾಕಿರಬಹುದು. ಕೇಳಿ ಬಡಿಸ್ಕೊಳ್ಳಿ.

ಯಾರಾದರೂ ‘ಮಾಂಸವಿಲ್ಲದ ಸಾಸೇಜಾ’ ಅಂತ ನಕ್ಕರೆ ಅಡೆನವರ್ ಹೆಸರು ಹೇಳಿ. ಆಮೇಲೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆದ ಕೊನ್ರಾಡ್ ಅಡೆನವರ್, ಮೊದಲ ಮಹಾಯುದ್ಧದ ಹಸಿವಿನ ದಿನಗಳಲ್ಲಿ ಕಲೋನ್ ಮೇಯರ್ ಆಗಿದ್ದಾಗ ಸೋಯಾ ಸಾಸೇಜ್ ಮಾಡಿಸಿದ್ದರು. 1918ರಲ್ಲಿ ಅದಕ್ಕೆ ಪೇಟೆಂಟ್ ಕೊಟ್ಟಿದ್ದು ಶತ್ರು ದೇಶ ಬ್ರಿಟನ್!

ಈ ಅಳತೆಗೆ ಇಪ್ಪತ್ತರ ಆಸುಪಾಸು ಆಗುತ್ತೆ. ಉಳಿದದ್ದು ಫ್ರೀಜರ್‌ಗೆ. ಪೂರ್ತಿ ಗೋಧಿ ಅಂಟೇ ಆದ್ದರಿಂದ, ರುಚಿ ನೋಡ್ತೀನಿ ಅಂತ ಕೈ ಚಾಚಿದವರಿಗೆ ಗ್ಲುಟೆನ್ ಆಗುತ್ತೋ ಇಲ್ಲವೋ ವಿಚಾರಿಸಿಯೇ ಕೊಡಿ.